ಅಳಿಸದೆ ಉಳಿದ ಅಂಕಿ

ಹದಿನೇಳನೇ ತಾರೀಖು, ಬುಧವಾರ, ಬೆಳಿಗ್ಗೆ 11.40ಕ್ಕೆ ಲಸಿಕೆ ಉಗ್ರಾಣದ ಮ್ಯಾನೇಜರ್ ಠಾಣೆಗೆ ಬಂದರು. ದೂರನ್ನು ಟೈಪ್ ಮಾಡಿಸಿ, ಮೂರು ಪ್ರತಿ ತೆಗೆಸಿ, ಪ್ರತಿ ಹಾಳೆಗೂ ಸಹಿ ಹಾಕಿ, ಸಹಿಯ ಕೆಳಗೆ ಎರಡು ಚುಕ್ಕೆ ಇಟ್ಟು ತಂದಿದ್ದರು. ಅಷ್ಟಕ್ಕೇ ಠಾಣೆಯ ರೈಟರ್‌ಗೆ ಅವರ ಮೇಲೆ ಗೌರವ ಹುಟ್ಟಿತು. ಅಷ್ಟಕ್ಕೇ ಇನ್‌ಸ್ಪೆಕ್ಟರ್‌ಗೆ ಸಣ್ಣದೊಂದು ಅನುಮಾನವೂ ಹುಟ್ಟಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಕಂಡಂತೆ, ನಿಜವಾಗಿ ಏನನ್ನಾದರೂ ಕಳೆದುಕೊಂಡವರ ದೂರಿನಲ್ಲಿ ಒಂದಾದರೂ ಹೊಡೆದುಹಾಕಿದ ಸಾಲಿರುತ್ತದೆ.

ದೂರಿನ ಸಾರ ಇಷ್ಟು. ಉಗ್ರಾಣದ ಶೀತಲ ಕೋಣೆಯ ಉಷ್ಣಾಂಶವನ್ನು ಕಾಲು ಗಂಟೆಗೊಮ್ಮೆ ಕಂಪ್ಯೂಟರ್ ತಾನಾಗಿಯೇ ಒಂದು ಫೈಲಿನಲ್ಲಿ ಬರೆದಿಡುತ್ತದೆ. ನಾಲ್ಕು ವರ್ಷದ ಆ ದಾಖಲೆ ಅಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಪೂರ್ತಿ ಅಳಿಸಿಹೋಗಿದೆ. ಆಗ ಫೈಲಿನಲ್ಲಿ ಉಳಿದದ್ದು ಒಂದೇ ಸಾಲು: 'ಇದು ಪರೀಕ್ಷೆಯ ಸಾಲು'. ಆ ಸಾಲನ್ನು ಬರೆಯುವ ಸ್ಕ್ರಿಪ್ಟ್ ಉಗ್ರಾಣದ ಪ್ರೋಗ್ರಾಮರ್‌ಳದು. ಆಕೆಯ ಅಮಾನತಿಗೆ ಶಿಫಾರಸು ಮಾಡಲಾಗಿದೆ. ಕೊನೆಯ ಪ್ಯಾರಾದಲ್ಲಿ, ಆಕೆ ದೂರುದಾರರ ಸ್ವಂತ ಅಕ್ಕನ ಮಗಳು ಎಂದಿತ್ತು.

"ಅಕ್ಕನ ಮಗಳ ಮೇಲೇ ದೂರು ಕೊಡ್ತಿದ್ದೀರಲ್ಲ ಸಾರ್?"

"ಕುರ್ಚೀಲಿ ಕೂತ ಮೇಲೆ ಸಂಬಂಧ ನೋಡಕ್ಕಾಗಲ್ಲ," ಎಂದು ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕ ಮೊದಲೇ ಸ್ವಚ್ಛವಾಗಿತ್ತು.

12.15ಕ್ಕೆ FIR ದಾಖಲಾಯಿತು. ಒಂದು ಗಂಟೆಗೆ ಪ್ರೋಗ್ರಾಮರ್ ಬಂದಳು. ಇಪ್ಪತ್ತೇಳರ ಹೆಣ್ಣುಮಗಳು. ಕರೆದದ್ದು ಯಾಕೆಂದು ಗೊತ್ತಿತ್ತು, ಕರೆಸಿದ್ದು ಯಾರೆಂದು ಗೊತ್ತಿರಲಿಲ್ಲ. ಬಂದವಳೇ ಇನ್‌ಸ್ಪೆಕ್ಟರ್‌ಗೆ ಸಲಹೆ ಕೊಟ್ಟಳು.

"ಸಾರ್, ನಮ್ಮ ಮ್ಯಾನೇಜರ್‌ನ ಒಂದ್ಸಲ ಕೇಳಿ. ನನಗೆ ಈ ಕೆಲಸ ಕಲಿಸಿದ್ದೇ ಅವರು. ನಮ್ಮ ಮಾವ. ಅವರು ಕೂತು ನೋಡಿದ್ರೆ ಎಲ್ಲಿ ತಪ್ಪಾಯ್ತು ಅಂತ ಹತ್ತು ನಿಮಿಷದಲ್ಲಿ ಹೇಳ್ತಾರೆ."

ಇನ್‌ಸ್ಪೆಕ್ಟರ್ ದೂರಿನ ಪ್ರತಿಯನ್ನು ಮುಂದೆ ತಳ್ಳಿದರು. ಅವಳು ಓದಿದಳು. ಕೊನೆಯ ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ಸಹಿಯ ಕೆಳಗಿನ ಚುಕ್ಕೆಗಳನ್ನು ಉಗುರಿನಿಂದ ಕೆರೆದು ನೋಡಿದಳು, ಎದ್ದು ಬರುತ್ತವೇನೋ ಎಂಬಂತೆ.

"ಅವರದೇ," ಎಂದಳು. ಮುಂದಿನ ಅರ್ಧ ಗಂಟೆ ಮಾವ ಎಂಬ ಶಬ್ದ ಅವಳ ಬಾಯಿಂದ ಬರಲಿಲ್ಲ.

ಸ್ಕ್ರಿಪ್ಟ್ ಮಾಡುವುದೇನು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಮಗ್ಗುಲಲ್ಲಿ ಕಾನ್‌ಸ್ಟೆಬಲ್ ಒಬ್ಬಳು ನಿಂತಿದ್ದಳು. ಕಂಪ್ಯೂಟರ್ ಓದಿ ಪೊಲೀಸ್ ಕೆಲಸಕ್ಕೆ ಬಂದವಳಾದ್ದರಿಂದ ಠಾಣೆಯಲ್ಲಿ ಎಲ್ಲರಿಗೂ ಅವಳು 'ಡಿಪ್ಲೊಮಾ'. ವಿವರಿಸಲು ಅವಳು ಬಾಯಿ ತೆರೆಯುವಷ್ಟರಲ್ಲಿ ಪ್ರೋಗ್ರಾಮರ್ ಮೇಜಿನ ಮೇಲಿದ್ದ ಠಾಣಾ ದಿನಚರಿಯನ್ನು ತನ್ನ ಕಡೆಗೆ ಎಳೆದುಕೊಂಡಿದ್ದಳು. ರೈಟರ್ ಬೆಚ್ಚಿಬಿದ್ದರು. ಆ ಪುಸ್ತಕವನ್ನು ಅವರು ಹೆಂಡತಿಗೂ ಮುಟ್ಟಗೊಡುವವರಲ್ಲ.

"ಫೈಲ್ ತೆರೆದಾಗ ಕಂಪ್ಯೂಟರ್ ನಮ್ಮ ಕೈಗೆ ಒಂದು ಹಿಡಿ ಕೊಡುತ್ತೆ ಸಾರ್, ಹ್ಯಾಂಡಲ್ ಅಂತೀವಿ. ಯಾವ ಬಗೆಯ ಹಿಡಿ ಬೇಕು ಅಂತ ನಾವು ಮೊದಲೇ ಹೇಳ್ಬೇಕು. ಓದೋ ಬಗೆ ಅಂದ್ರೆ ನೋಡಬಹುದು, ಪೆನ್ನು ಮುಟ್ಟೋ ಹಾಗಿಲ್ಲ. ಸೇರಿಸೋ ಬಗೆ ಅಂದ್ರೆ ನಿಮ್ಮ ಈ ಪುಸ್ತಕ. ಕೊನೇ ಸಾಲಿನ ಕೆಳಗೆ ಬರೀಬಹುದು, ಮೇಲಿಂದು ಮುಟ್ಟೋ ಹಾಗಿಲ್ಲ. ಬರೆಯೋ ಬಗೆ ಅಂತ ತೆರೆದ್ರೋ, ತೆರೆದ ಕ್ಷಣಕ್ಕೇ ಹಳೇ ಹಾಳೆ ಎಲ್ಲ ಹರಿದು ಹೋಗುತ್ತೆ. ಒಂದಕ್ಷರ ಬರೀದೇ ಇದ್ರೂ."

"ತೆರೆದ ಕೂಡಲೇ?"

"ತೆರೆದ ಕೂಡಲೇ."

ರೈಟರ್ ದಿನಚರಿಯನ್ನು ಮೆಲ್ಲಗೆ ವಾಪಸ್ ಎಳೆದುಕೊಂಡು ಎದೆಗೆ ಒತ್ತಿಕೊಂಡರು.

ನಾಲ್ಕನೆಯ ಬಗೆಯೂ ಒಂದಿತ್ತು: ಓದು-ಬರಹ ಎರಡೂ. ಅದರಲ್ಲಿ ಏನೂ ಹರಿಯುವುದಿಲ್ಲ. ಎಲ್ಲಿ ಬೇಕಾದರೂ ಪೆನ್ನಿಟ್ಟು ಹಳೆಯದರ ಮೇಲೆಯೇ ಬರೆಯಬಹುದು, ಆದರೆ ಎಷ್ಟು ಅಕ್ಷರ ಬರೆದರೋ ಅಷ್ಟೇ ಮುಚ್ಚುತ್ತದೆ, ಮಿಕ್ಕ ಹಳೆಯ ಅಕ್ಷರ ಹಾಗೇ ಉಳಿಯುತ್ತದೆ. ಒಂದು ಬಗೆಯ ಬದಲು ಇನ್ನೊಂದಾದರೆ ದಾಖಲೆಯೇ ಹೋಗುವುದರಿಂದ, ಹಿಡಿಗಳೆಲ್ಲ ಸರಿಯಾಗಿ ನಡೆಯುತ್ತಿವೆಯೇ ಎಂದು ಅವಳ ಸ್ಕ್ರಿಪ್ಟ್ ದಿನಾ ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿ ಪರೀಕ್ಷಿಸುತ್ತಿತ್ತು. ಅಸಲಿ ದಾಖಲೆಯ ಮೇಲಲ್ಲ, ಟ್ರಯಲ್ ಎಂಬ ಬೇರೆ ಫೈಲಿನ ಮೇಲೆ. ಮೊದಲು ಟ್ರಯಲನ್ನು ಬರೆಯುವ ಬಗೆಯಲ್ಲಿ ತೆರೆದು ಖಾಲಿಯಾಯಿತೇ ಎಂದು ನೋಡುವುದು, ನಂತರ ಅಸಲಿ ದಾಖಲೆಯನ್ನು ಅದಕ್ಕೆ ನಕಲು ಮಾಡುವುದು, ಕೊನೆಗೆ ಸೇರಿಸುವ ಬಗೆಯಲ್ಲಿ ಒಂದು ಸಾಲು ಸೇರಿಸಿ ಹಳೆಯ ಸಾಲುಗಳು ಉಳಿದಿವೆಯೇ ಎಂದು ಎಣಿಸುವುದು. ಇಂದು ಯಾರೋ ಸ್ಕ್ರಿಪ್ಟಿನ ತಲೆಯಲ್ಲಿ ಟ್ರಯಲ್ ಹೆಸರಿದ್ದ ಜಾಗದಲ್ಲಿ ಅಸಲಿ ಹೆಸರು ಹಾಕಿದ್ದರು.

"ಯಾರೋ?"

"ನಾನಲ್ಲ ಸಾರ್." ಅವಳು ಮುಂದುವರಿಸಿದಳು, "ಕೆಲಸ ಹೋದ್ರೆ ಹೋಗ್ಲಿ, ಜೈಲಿಗೆ ಹಾಕಿದ್ರೂ ಹಾಕಿ. ಆದ್ರೆ ಆ ದಾಖಲೆ ಇಲ್ದಿದ್ರೆ ಯಾವತ್ತು ಕಾವು ಏರಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ಕಾವು ತಗುಲಿದ ಲಸಿಕೆ ನೋಡೋಕೆ ಹಾಗೇ ಇರುತ್ತೆ. ಮಕ್ಕಳಿಗೆ ಚುಚ್ಚಿದ್ರೂ ಚುಚ್ಚದ ಹಾಗೆ."

2.30ಕ್ಕೆ ಉಗ್ರಾಣದಲ್ಲಿ ಪಂಚನಾಮೆ ನಡೆಯಿತು. ಪಂಚರಾಗಿ ಎದುರಿನ ದರ್ಜಿ ಮತ್ತು ಪಕ್ಕದ ಬೀಗದ ಅಂಗಡಿಯವನು ಬಂದಿದ್ದರು. ಬಾಗಿಲಲ್ಲೇ ಬಣ್ಣ ಬಳಿದ ಬೋರ್ಡ್: 'ಹತ್ತೊಂಬತ್ತು ವರ್ಷ. ಕೆಟ್ಟ ಲಸಿಕೆ: ಸೊನ್ನೆ.' ಸೊನ್ನೆ ಮಾತ್ರ ಕೆಂಪು ಬಣ್ಣದಲ್ಲಿ, ತಟ್ಟೆಯಷ್ಟು ದೊಡ್ಡದು. ಶೀತಲ ಕೋಣೆಗೆ ಒಂದು ಗೇಣು ದಪ್ಪದ ಉಕ್ಕಿನ ಬಾಗಿಲು, ಅಂಚಿಗೆ ರಬ್ಬರ್ ಪಟ್ಟಿ. ಗೋಡೆಯ ಮೇಲೆ ಉಷ್ಣಮಾಪಕ, ಆಗ 4.1 ಎಂದು ತೋರಿಸುತ್ತಿತ್ತು. ಒಳಗೆ ಎರಡು ನಿಮಿಷ ನಿಂತ ದರ್ಜಿ, ಬೇಸಿಗೆಯಲ್ಲಿ ಇಲ್ಲೇ ಒಂದು ಹೊಲಿಗೆ ಮೆಷಿನ್ ಹಾಕಿಕೊಳ್ಳಬಹುದಲ್ಲ ಎಂದ. ಪಂಚನಾಮೆಯಲ್ಲಿ ಅದು ಬರಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ಹೊಸದಾಗಿ ಕಟ್ಟು ಹಾಕಿಸಿದ ಫೋಟೊ ಇತ್ತು. ಒಂಬತ್ತನೇ ತಾರೀಖು ಮೇಲಧಿಕಾರಿಗಳು ಉಗ್ರಾಣ ನೋಡಲು ಬಂದಾಗ ತೆಗೆದದ್ದು ಎಂದರು. ಶೀತಲ ಕೋಣೆಯ ಮುಂದೆ ಹನ್ನೆರಡು ಜನ ನಿಂತಿದ್ದರು. ನಡುವೆ ಮ್ಯಾನೇಜರ್, ಮೈಕಿನ ಮುಂದೆ. ಅವರ ಎಡಗೈ ಅಕ್ಕನ ಮಗಳ ಹೆಗಲ ಮೇಲಿತ್ತು. ಅವರೆಲ್ಲರ ಹಿಂದೆ ಆ ಒಂದು ಗೇಣು ದಪ್ಪದ ಬಾಗಿಲು ಹಾರು ಹೊಡೆದಿತ್ತು. ಗೋಡೆಯ ಗಡಿಯಾರದಲ್ಲಿ 11.05. ಇನ್‌ಸ್ಪೆಕ್ಟರ್ ಫೋಟೊ ಚೆನ್ನಾಗಿ ಬಂದಿದೆ ಎಂದು ಹೊಗಳಿ, ಕಟ್ಟು ಸಮೇತ ಜಪ್ತಿ ಮಾಡಿದರು.

ಕಂಪ್ಯೂಟರ್ ಹೊತ್ತು ಠಾಣೆಗೆ ಮರಳುವಾಗ 4.30. ಪ್ರೋಗ್ರಾಮರ್‌ಳ ತಾಯಿ ಬೆಂಚಿನ ಮೇಲೆ ಕೂತಿದ್ದರು. ವಾರದ ಹಿಂದೆ ಕಣ್ಣಿನ ಆಪರೇಷನ್ ಆಗಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು. ತೊಡೆಯ ಮೇಲೆ ಊಟದ ಡಬ್ಬಿ. ರೈಟರ್ ರಿಜಿಸ್ಟರಿನಲ್ಲಿ ಬರೆಸಿಕೊಂಡರು: ವಿಚಾರಣೆಗೆ ಕರೆದವರಿಗೆ ಊಟದ ಡಬ್ಬಿ ಒಂದು, ತಂದವರ ಸಂಬಂಧ, ತಾಯಿ.

"ಹೆದರಬೇಡ ಕಣೇ," ಎಂದರು ತಾಯಿ. "ಮಾವನಿಗೆ ಫೋನ್ ಮಾಡಿದ್ದೆ. ಎಲ್ಲ ನಾನು ನೋಡ್ಕೊಳ್ತೀನಿ ಅಂದಿದ್ದಾನೆ."

ಮಗಳು ಡಬ್ಬಿಯ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸಿದಳು. "ಸರಿ ಅಮ್ಮ," ಎಂದಳು.

ಅವಳು ಊಟ ಮುಗಿಸಿದ ಮೇಲೆ ಇನ್‌ಸ್ಪೆಕ್ಟರ್ ತಮಗೆ ಅರ್ಥವಾಗದ ಒಂದು ವಿಷಯ ಕೇಳಿದರು. ಇಂದಿನ ಪರೀಕ್ಷೆ ಅಸಲಿ ಫೈಲಿನ ಮೇಲೆ ನಡೆಯಿತು ಎಂದ ಮೇಲೆ ಟ್ರಯಲ್ ಫೈಲನ್ನು ಇಂದು ಯಾರೂ ಮುಟ್ಟಿಲ್ಲ ಎಂದಾಯಿತಲ್ಲ?

ಕೈ ಒರೆಸಿಕೊಳ್ಳುತ್ತಿದ್ದವಳು ಅಲ್ಲೇ ನಿಂತಳು. "ನಿನ್ನೆ ಒಂಬತ್ತು ಗಂಟೆ ನಕಲು ಹಾಗೇ ಇರ್ಬೇಕು," ಎಂದಳು. "ಪರೀಕ್ಷೆ ಮುಗಿದ ಮೇಲೆ ನಾನು ಅಳಿಸಲ್ಲ. ಟ್ರಯಲ್ ಫೈಲ್ ಬಿಸಾಡಬೇಡ, ಏನಾದ್ರೂ ಎಡವಟ್ಟಾದ್ರೆ ಅದೇ ಸಾಕ್ಷಿ ಹೇಳುತ್ತೆ ಅಂತ..." ಹೇಳಿಕೊಟ್ಟವರು ಯಾರೆಂದು ಯಾರೂ ಕೇಳಲಿಲ್ಲ.

ಪಂಚರ ಎದುರಿಗೆ ಡಿಪ್ಲೊಮಾ ಟ್ರಯಲ್ ಫೈಲನ್ನು ಓದುವ ಬಗೆಯಲ್ಲಿ ಮಾತ್ರ ತೆರೆದಳು. ನಾಲ್ಕು ವರ್ಷದ ಸಾಲುಗಳು ಅಲ್ಲಿದ್ದವು. ಫೋಟೊ ತೆಗೆದ ಒಂಬತ್ತನೇ ತಾರೀಖಿಗೆ ಬಂದಾಗ ಅವಳ ಬೆರಳು ನಿಂತಿತು. 11.30ರಿಂದ ಸಂಜೆ 5 ಗಂಟೆಯವರೆಗೆ ಪ್ರತಿ ಸಾಲೂ 4.2. ಅದರಲ್ಲಿ ಹದಿನೇಳು ಸಾಲು ಮಾತ್ರ ವಿಚಿತ್ರ: 4.24, 4.29, 4.21, 4.26.

"ಮಾಪಕ ಬಿಂದುವಿನ ನಂತರ ಒಂದೇ ಅಂಕಿ ತೋರಿಸುತ್ತೆ ಸಾರ್, ನೀವೂ ನೋಡಿದ್ರಿ. ಎರಡನೇ ಅಂಕಿ ಎಲ್ಲಿಂದ ಬಂತು?"

ಉತ್ತರವನ್ನು ಪ್ರೋಗ್ರಾಮರ್ ಒಂದು ಚೀಟಿಯ ಮೇಲೆ ಬರೆದು ತೋರಿಸಿದಳು. 11.4 ಎಂಬುದಕ್ಕೆ ಬಿಂದು ಸೇರಿ ನಾಲ್ಕು ಮನೆ. ಅದರ ಮೇಲೆ 4.2 ಎಂದು ಬರೆದರೆ ಮೂರು ಮನೆ ಮುಚ್ಚುತ್ತದೆ. ನಾಲ್ಕನೆಯ ಮನೆಯ ಹಳೆಯ 4 ಹಾಗೇ ಉಳಿದು 4.24 ಆಗುತ್ತದೆ. ಓದು-ಬರಹದ ಬಗೆಯಲ್ಲಿ ತೆರೆದು ಯಾರೋ ತೇಪೆ ಹಾಕಿದ್ದರು, ತೇಪೆ ಹರಕಿಗಿಂತ ಚಿಕ್ಕದಾಗಿತ್ತು. ಆ ಹದಿನೇಳು ಸಾಲಿನಲ್ಲೂ ಕಾವು ಹತ್ತು ದಾಟಿತ್ತು. ಲಸಿಕೆಯ ಕಾವು ಎಂಟು ಡಿಗ್ರಿ ದಾಟುವಂತಿಲ್ಲ.

"ಇಷ್ಟು ದಿನ ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ನಾನು ಸಾಲು ಎಣಿಸ್ತೀನಿ ಸಾರ್, ಓದಲ್ಲ."

ಆ ಕೋಣೆಯಿಂದ ಹನ್ನೊಂದನೇ ತಾರೀಖು ನಾಲ್ಕು ಕ್ಲಿನಿಕ್‌ಗಳಿಗೆ ಹನ್ನೊಂದು ಪೆಟ್ಟಿಗೆ ಹೋಗಿತ್ತು. 5.50ರಿಂದ ಇನ್‌ಸ್ಪೆಕ್ಟರ್ ತಾವೇ ಫೋನ್ ಹಿಡಿದು ಕೂತರು. ಒಂಬತ್ತು ಪೆಟ್ಟಿಗೆ ಒಡೆಯದೆ ಸಿಕ್ಕವು. ಎರಡು ಆಗಲೇ ಖಾಲಿಯಾಗಿದ್ದವು. ಆ ಮಕ್ಕಳನ್ನು ಹುಡುಕಿ ಮತ್ತೆ ಚುಚ್ಚಬೇಕು. ವಿಳಾಸಗಳಿವೆ ಎಂದು ನರ್ಸ್ ಹೇಳಿದಾಗ ಇನ್‌ಸ್ಪೆಕ್ಟರ್ ಮೊದಲ ಸಲ ಕುರ್ಚಿಗೆ ಒರಗಿದರು.

ಗುರುವಾರ ಬೆಳಿಗ್ಗೆ ಕೇಂದ್ರ ಕಚೇರಿಗೆ ಕರೆ ಹೋಯಿತು. ಅಲ್ಲಿಗೆ ವಾರಕ್ಕೊಮ್ಮೆ ಹೋಗುತ್ತಿದ್ದುದು ದಿನದ ಗರಿಷ್ಠ, ಕನಿಷ್ಠ ಅಂಕಿ ಮಾತ್ರ. ಅಲ್ಲಿನ ಗುಮಾಸ್ತ, ತಾನು ಮಂಗಳವಾರ ಮಧ್ಯಾಹ್ನ ಮ್ಯಾನೇಜರ್‌ಗೆ ಫೋನ್ ಮಾಡಿ, ಒಂಬತ್ತನೇ ತಾರೀಖಿನ ಗರಿಷ್ಠ 4.29 ಹೇಗಾಯಿತು, ಪೂರ್ತಿ ದಾಖಲೆ ಕಳಿಸಿ ಎಂದು ಕೇಳಿದ್ದಾಗಿ ಹೇಳಿದ. ಮಂಗಳವಾರ ಕೇಳಿದ್ದು, ಬುಧವಾರ ದಾಖಲೆ ಮಾಯ.

ಕಂಪ್ಯೂಟರ್ ಪ್ರಕಾರ ತೇಪೆ ಹಾಕಿದ್ದು ಹತ್ತನೇ ತಾರೀಖು ಮಧ್ಯಾಹ್ನ 1.20ಕ್ಕೆ. ಸ್ಕ್ರಿಪ್ಟಿನಲ್ಲಿ ಹೆಸರು ಬದಲಿಸಿದ್ದು ಹದಿನೇಳರಂದು ಬೆಳಿಗ್ಗೆ 8.52ಕ್ಕೆ. ಎರಡೂ ಪ್ರೋಗ್ರಾಮರ್‌ಳ ಪಾಸ್‌ವರ್ಡಿನಿಂದ. ಆ ಯಂತ್ರಕ್ಕೆ ಹೊರಗಿನ ಸಂಪರ್ಕವಿಲ್ಲ, ಮುಂದೆ ಕೂತೇ ತೆರೆಯಬೇಕು. ಡಿಪ್ಲೊಮಾ ಉಗ್ರಾಣಕ್ಕೆ ಹೋಗಿ ಎರಡು ಕಾಗದ ತಂದಳು. ಗೇಟಿನ ಪುಸ್ತಕದಲ್ಲಿ ಹದಿನೇಳರಂದು ಮ್ಯಾನೇಜರ್ ಬಂದದ್ದು 8.40, ಪ್ರೋಗ್ರಾಮರ್ 9.04. ಇನ್ನೊಂದು, ಹತ್ತನೇ ತಾರೀಖಿನ ರಜಾ ಅರ್ಜಿ.

ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು ಎಂದಿದ್ದಕ್ಕೆ ಪ್ರೋಗ್ರಾಮರ್, ಕೆಲಸಕ್ಕೆ ಸೇರಿದ ದಿನ ಅದನ್ನು ಹಾಕಿಕೊಟ್ಟವರೇ ಮಾವ ಎಂದಳು. ಬದಲಾಯಿಸಬೇಕೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

12.30ಕ್ಕೆ ಮ್ಯಾನೇಜರ್ ಬಂದರು. ಇಂದೂ ಇಸ್ತ್ರಿ ಮಾಡಿದ ಅಂಗಿ.

"ಹತ್ತನೇ ತಾರೀಖು ಮಧ್ಯಾಹ್ನ ಎಲ್ಲಿದ್ರಿ?"

"ಆಫೀಸಲ್ಲಿ."

"ನಿಮ್ಮ ಅಕ್ಕನ ಮಗಳು?"

"ಅವಳೂ ಇದ್ದಳು. ಕಂಪ್ಯೂಟರ್ ಮುಂದೇನೇ."

ಇನ್‌ಸ್ಪೆಕ್ಟರ್ ರಜಾ ಅರ್ಜಿ ಇಟ್ಟರು. 'ತಾಯಿಯ ಕಣ್ಣಿನ ಆಪರೇಷನ್ ಪ್ರಯುಕ್ತ ಒಂದು ದಿನ.' ಕೆಳಗೆ ಮಂಜೂರು, ಸಹಿ, ಎರಡು ಚುಕ್ಕೆ.

"ಆಪರೇಷನ್ ಆಗಿದ್ದು ನಿಮ್ಮ ಅಕ್ಕನಿಗೆ. ಅದೂ ಮರೆತುಹೋಯ್ತಾ?"

ಆ ಪ್ರಶ್ನೆಯ ನಂತರ ಫೋಟೊ, ಹದಿನೇಳು ಸಾಲಿನ ಪ್ರತಿ ಯಾವುದಕ್ಕೂ ಹೆಚ್ಚು ಮಾತು ಬೇಕಾಗಲಿಲ್ಲ. ಒಂಬತ್ತರಂದು ಭಾಷಣಕ್ಕೆ ಶೀತಲ ಕೋಣೆಯ ಯಂತ್ರದ ಸದ್ದು ಅಡ್ಡ ಬರುತ್ತಿತ್ತಂತೆ. ಐದು ನಿಮಿಷ ಎಂದುಕೊಂಡು ಸ್ವಿಚ್ ಆರಿಸಿದರು. ಅಲಾರಂ ಕೂಡ ಅದೇ ಸ್ವಿಚ್ಚಿನಲ್ಲಿತ್ತು. ಭಾಷಣವಾಯಿತು, ಫೋಟೊ ಆಯಿತು, ಊಟವಾಯಿತು, ಅತಿಥಿಗಳನ್ನು ಕಳಿಸಿದ್ದಾಯಿತು. ನೆನಪಾದಾಗ ದಿನ ಮುಕ್ಕಾಲು ಪಾಲು ಕಳೆದಿತ್ತು.

"ಅವತ್ತೇ ಹೇಳಿದ್ರೆ ಏನಾಗ್ತಿತ್ತು?"

"ಒಂದು ನೋಟಿಸ್ ಬರ್ತಿತ್ತು. ಅಷ್ಟೇ."

"ಮತ್ತೆ?"

"ಬೋರ್ಡ್ ನೋಡಿದ್ರಲ್ಲ." ಅವರು ಫೋಟೊದತ್ತ ನೋಡಲಿಲ್ಲ. "ಐದು ತಿಂಗಳಿಗೆ ರಿಟೈರ್ ಆಗ್ತೀನಿ. ಆ ಸೊನ್ನೆ ಒರೆಸೋದು ನನ್ನ ಕೈಲಿ ಆಗ್ಲಿಲ್ಲ. ಅವಳಿಗೆ ಇಪ್ಪತ್ತೇಳು. ಒಂದು ತಪ್ಪು ಹೊತ್ಕೊಂಡು ಬದುಕೋಕೆ ಬೇಕಾದಷ್ಟು ವಯಸ್ಸಿದೆ ಅಂದ್ಕೊಂಡೆ."

ಮಧ್ಯಾಹ್ನ 1.10ಕ್ಕೆ ಬಂಧನವಾಯಿತು. ಕರೆದೊಯ್ಯುವಾಗ ಬಾಗಿಲ ಬಳಿ ಅಕ್ಕನ ಮಗಳು ನಿಂತಿದ್ದಳು. ಅವರು ನಿಂತರು. ಅವಳು ಕೇಳಿದ್ದು ಒಂದೇ.

"ಪಾಸ್‌ವರ್ಡ್ ಬದಲಾಯಿಸ್ಕೋ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಮಾವ. ಅದೊಂದನ್ನ ಯಾಕೆ ಕಲಿಸ್ಲಿಲ್ಲ ನೀನು?"

ಸೊನ್ನೆಯೊಂದನ್ನು ಉಳಿಸಿಕೊಳ್ಳಲು ಹೊರಟ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಒಳಗೆ ಹೋದರು.

ಎರಡು ಗಂಟೆಗೆ ತಾಯಿ ಬಂದರು. ಕಣ್ಣಿನ ಪಟ್ಟಿ ಹಾಗೇ ಇತ್ತು, ಡಬ್ಬಿಯೂ ಅದೇ. ವಿಷಯ ಯಾರೋ ದಾರಿಯಲ್ಲೇ ಹೇಳಿದ್ದರು. ಮಗಳ ಪಕ್ಕ ಕೂತರು, ಒಳಗಿನ ಕಂಬಿಗಳತ್ತ ನೋಡಿದರು, ಮತ್ತೆ ಮಗಳತ್ತ.

"ಡಬ್ಬಿ ಒಂದೇ ತಂದಿದ್ದೀನಿ," ಎಂದರು.

ಆಮೇಲೆ ಎದ್ದು ಡಬ್ಬಿಯನ್ನು ರೈಟರ್ ಮೇಜಿನ ಮೇಲಿಟ್ಟರು. "ಅವನಿಗೆ ಖಾರ ಆಗಲ್ಲ, ಇದರಲ್ಲಿ ಕಮ್ಮೀನೇ ಇದೆ ಅಂತ ಹೇಳಿ. ನಾನು ಕೊಟ್ಟೆ ಅಂತ ಹೇಳ್ಬೇಡಿ." ಮಗಳ ಕೈ ಹಿಡಿದು ಮೆಟ್ಟಿಲಿಳಿದರು.

ರೈಟರ್ ರಿಜಿಸ್ಟರ್ ತೆರೆದರು. ನಿನ್ನೆಯ ಸಾಲು ಅಲ್ಲೇ ಇತ್ತು: ತಂದವರ ಸಂಬಂಧ, ತಾಯಿ. ಪೆನ್ನು ಹಿಡಿದು ಇನ್‌ಸ್ಪೆಕ್ಟರ್ ಮುಖ ನೋಡಿದರು.

"ಕೆಳಗೆ ಸೇರಿಸಿ," ಎಂದರು ಇನ್‌ಸ್ಪೆಕ್ಟರ್.

ರೈಟರ್ ಬರೆದರು: ಆರೋಪಿಗೆ ಊಟದ ಡಬ್ಬಿ ಒಂದು. ತಂದವರ ಸಂಬಂಧ, ಅಕ್ಕ.