ಮುಂದಿನ ಎರಡು ಸೀಟು

“ಕಿಟಕಿ ಎಷ್ಟಿದೆ, ಅದನ್ನ ಮೊದ್ಲು ನೋಡು,” ಎಂದರು ಅಪ್ಪ, ದಿವ್ಯಳ ಕುರ್ಚಿಯ ಹಿಂದೆ ನಿಂತು.

“ಮೇಲೆ ಕ್ಯಾರಿಯರ್ ಐತಾ? ಇಲ್ದೋದ್ರೆ ಬುಟ್ಟಿ, ಪಾತ್ರೆ ಎಲ್ಲಿ ಕಟ್ಟೋದು?” ಎಂದರು ಅಜ್ಜಿ ದೇವಿರಮ್ಮ.

ದಿವ್ಯ ಕೊಳ್ಳಲು ಹೊರಟಿದ್ದು ಟೆಂಪೋ ಅಲ್ಲ. ಕಂಪ್ಯೂಟರ್ ಗೇಮಿನಲ್ಲಿ ಒಂದು ಗ್ರಹದಿಂದ ಇನ್ನೊಂದು ಗ್ರಹಕ್ಕೆ ಜನರನ್ನು ಸಾಗಿಸುವ ಅಂತರಿಕ್ಷ ಹಡಗು. ಆದರೆ ವಿಜಯನಗರದ ಆ ಮನೆಯಲ್ಲಿ ಗಾಡಿ ಅಂದರೆ ಗಾಡಿ. ಬೀಗರೂಟಕ್ಕೆ ವ್ಯಾನು ಗೊತ್ತು ಮಾಡುವಾಗ ಮನೆಮಂದಿಯೆಲ್ಲ ಸೇರಿ ತಲೆಗೊಂದು ಮಾತಾಡುತ್ತಾರಲ್ಲ, ಇದಕ್ಕೂ ಹಾಗೆಯೇ ಸೇರಿದ್ದರು.

ತಪ್ಪು ದಿವ್ಯಳದೇ. ಬೆಳಿಗ್ಗೆ ತಿಂಡಿ ತಿನ್ನುವಾಗ “ಇವತ್ತು ನಾನು ಶಿಪ್ ತಗೋತೀನಿ” ಎಂದು ಮನೆಗೆಲ್ಲ ಕೇಳುವಂತೆ ಜಂಬ ಕೊಚ್ಚಿದ್ದು ಅವಳೇ.

ನಿಜ ಹೇಳಬೇಕೆಂದರೆ ಆ ಹಡಗು ಅವಳೊಬ್ಬಳದ್ದಾಗಿರಲಿಲ್ಲ. ಕೆಳಗಿನ ಮನೆಯ ಕೀರ್ತಿಯದೂ ಆಗಬೇಕಿತ್ತು. ಇಬ್ಬರೂ ಐದನೇ ಕ್ಲಾಸು. ರಜೆ ಪೂರ್ತಿ ಡಕೋಟಾ ಲಾರಿಯಂಥ ಹಡಗೊಂದರಲ್ಲಿ ಪೆಟ್ಟಿಗೆ ಸಾಗಿಸಿ ಪಾಯಿಂಟ್ ಕೂಡಿಸಿದ್ದರು. ಅದರ ಮುಂದುಗಡೆ ಎರಡು ಸೀಟು. ಒಂದರಲ್ಲಿ ದಿವ್ಯಳ ಹೆಸರಿನ ಬೊಂಬೆ, ಪಕ್ಕದಲ್ಲಿ ಕೀರ್ತಿಯ ಹೆಸರಿನ ಬೊಂಬೆ. ದಿವ್ಯ ಮೌಸ್ ಹಿಡಿದು ಹಡಗು ಓಡಿಸುತ್ತಿದ್ದಳು. ಕೀರ್ತಿ ಮ್ಯಾಪ್ ನೋಡಿಕೊಂಡು ದಾರಿ ಹೇಳುತ್ತಿದ್ದಳು. ಓಡಿಸುವುದೇ ದೊಡ್ಡ ಕೆಲಸ, ದಾರಿ ಹೇಳುವುದೇನು ಮಹಾ ಎಂದು ದಿವ್ಯಳ ಲೆಕ್ಕಾಚಾರ.

ಅಷ್ಟರಲ್ಲಿ ಕೀರ್ತಿಗೆ ಅಮ್ಮ ಆಯಿತು. ಮೈತುಂಬ ನೀರುಗುಳ್ಳೆ. ಬೇವಿನ ಸೊಪ್ಪಿನ ಮೇಲೆ ಮಲಗಿಕೊಂಡೇ ಅವಳು ಫೋನಿನಲ್ಲಿ ಹೇಳಿದ್ದಳು: “ಆಫರ್ ಮುಗಿದೋಗುತ್ತೆ ಕಣೆ, ನೀನೇ ತಗೊಂಡ್ಬುಡು. ಯಾವ್ದಾದ್ರೂ ಸರಿ. ಇಬ್ರೂ ಮುಂದೆ ಕೂತ್ಕೊಳೋ ಹಂಗಿರ್ಬೇಕು, ಅಷ್ಟೆ.”

“ಅಷ್ಟೂ ಗೊತ್ತಾಗಲ್ವಾ ನಂಗೆ?” ಎಂದಿದ್ದಳು ದಿವ್ಯ.

ಈಗ ನೋಡಿದರೆ ಅವಳ ಕಣ್ಣು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಹಡಗಿನ ಮೇಲೆ ನೆಟ್ಟಿತ್ತು. ಮೇಲೆ ಗಾಜಿನ ಗುಮ್ಮಟ, ಒಳಗೆ ಈಜುಕೊಳ, ಮೈಯೆಲ್ಲ ಲೈಟು.

“ಮೈಲೇಜ್ ಎಷ್ಟು ಕೊಡುತ್ತಂತೆ?” ಅಪ್ಪ ಕೇಳಿದರು.

“ಅಷ್ಟು ಜನುಕ್ಕೂ ಬಚ್ಚಲು ಎಷ್ಟವೆ ಕೇಳು,” ಎಂದರು ಅಜ್ಜಿ. “ನಾನು ಕಾಲು ನೀಡ್ಕೊಂಡು ಮಲಗೋ ಹಂಗಿರ್ಬೇಕು ಕಣವ್ವ. ಕೂತೇ ಓಗೋಕೆ ನನ್ ಕೈಲಾಗಲ್ಲ.”

ದೊಡ್ಡ ಹಡಗಿನಲ್ಲಿ ಎಲ್ಲವೂ ಇತ್ತು. ದಿವ್ಯ ಇನ್ನೇನು ಬಟನ್ ಒತ್ತಬೇಕು, ಅಜ್ಜಿ ಅವಳ ಕೈ ಹಿಡಿದರು.

“ತಡಿ ತಡಿ. ಈಗ ರಾಹುಕಾಲ.”

ಮಂಚದ ಮೇಲೆ ಬಿದ್ದುಕೊಂಡಿದ್ದ ಅಣ್ಣ ಮಹೇಂದ್ರ ನಕ್ಕ. “ಆಕಾಶದಲ್ಲಿ ಎಂಥ ರಾಹುಕಾಲ ಅಜ್ಜಿ?”

“ರಾಹು ಇರೋದೇ ಆಕಾಶದಲ್ಲಿ ಕಣೋ,” ಎಂದರು ಅಜ್ಜಿ. ಪಿಯುಸಿ ಓದುತ್ತಿದ್ದ ಮಹೇಂದ್ರ ಗೋಡೆಯ ಕಡೆಗೆ ಮಗ್ಗುಲಾದ.

ರಾಹುಕಾಲ ಮುಗಿಯುವವರೆಗೆ ದಿವ್ಯಳಿಗೆ ಬೇಕಾದಷ್ಟು ಸಮಯವಿತ್ತು. ‘ಹಡಗು ಓಡಿಸುವ ಕೋಣೆ ನೋಡಿ’ ಎಂಬ ಬಟನ್ ತೆರೆಯ ಮೇಲೆ ಮಿಣಮಿಣ ಎನ್ನುತ್ತಲೇ ಇತ್ತು. ಮಹಾನ್ ಕ್ಯಾಪ್ಟನ್ ದಿವ್ಯ ಅದನ್ನು ಮುಟ್ಟಲಿಲ್ಲ. ಹಡಗಿನ ಹೊಟ್ಟೆಯ ಮೇಲೆ ತನ್ನ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆಯಬೇಕೋ ಕೆಂಪು ಬಣ್ಣದಲ್ಲೋ ಎಂದು ನೋಡುತ್ತ ಕುಳಿತಳು.

ರಾಹುಕಾಲ ಮುಗಿಯುತ್ತಲೇ ಅಜ್ಜಿ ನಿಂಬೆಹಣ್ಣು ತಂದರು. “ಚಕ್ರ ಎಲ್ಲವೆ ಮಗ?”

ಚಕ್ರವೇ ಇಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದು? ಕಡೆಗೆ ಮೌಸಿನ ಮುಂದೆ ಇಟ್ಟದ್ದಾಯಿತು. ದಿವ್ಯ ಮೌಸ್ ತಳ್ಳಿ ಬಟನ್ ಒತ್ತಿದಳು. ನಿಂಬೆಹಣ್ಣು ಉರುಳಿ ಮಂಚದ ಕೆಳಗೆ ಹೋಯಿತು, ಹಡಗು ಅವಳದಾಯಿತು.

ಕೀರ್ತಿ ಹುಷಾರಾಗಿ, ಬೇವಿನ ನೀರು ಹಾಕಿಸಿಕೊಂಡು, ಮಚ್ಚೆ ಮಚ್ಚೆ ಮುಖದಲ್ಲಿ ಮೆಟ್ಟಿಲು ಹತ್ತಿ ಬಂದಳು. ದಿವ್ಯ ಅವಳಿಗೆ ಗುಮ್ಮಟ ತೋರಿಸಿದಳು, ಈಜುಕೊಳ ತೋರಿಸಿದಳು, ಬಚ್ಚಲುಗಳನ್ನೂ ಬಿಡಲಿಲ್ಲ.

“ಸೂಪರಾಗಿದೆ ಕಣೆ,” ಎಂದು ಕೀರ್ತಿ ಕುರ್ಚಿ ಎಳೆದುಕೊಂಡು ಕೀಬೋರ್ಡಿನ ಮೇಲೆ ಕೈಯಿಟ್ಟಳು. “ಎಲ್ಲಿ, ಮುಂದಕ್ಕೆ ಹೋಗು.”

ಹಡಗು ಓಡಿಸುವ ಕೋಣೆಯ ಬಾಗಿಲು ತೆರೆಯಿತು. ಅಲ್ಲಿ ಸಿಂಹಾಸನದಂಥ ಸೀಟು. ಒಂದೇ ಒಂದು. ಅದರ ಮೇಲೆ ದಿವ್ಯಳ ಬೊಂಬೆ ಎದೆಯುಬ್ಬಿಸಿ ಕುಳಿತಿತ್ತು.

“ನಾನೆಲ್ಲಿ?” ಎಂದಳು ಕೀರ್ತಿ.

ಇಬ್ಬರೂ ಹುಡುಕಿದರು. ಕೋಣೆ ಕೋಣೆ ದಾಟಿದರು. ಕೀರ್ತಿಯ ಬೊಂಬೆ ಕಟ್ಟಕಡೆಯ ಸಾಲಿನಲ್ಲಿ, ಟಾಯ್ಲೆಟ್ಟಿನ ಪಕ್ಕದ ಸೀಟಿನಲ್ಲಿ ಸಿಕ್ಕಿತು. ಬೆಲ್ಟ್ ಹಾಕಿಕೊಂಡು, ಊಟದ ತಟ್ಟೆ ಮುಂದಿಟ್ಟುಕೊಂಡು, ಗುರುತಿಲ್ಲದ ಪ್ಯಾಸೆಂಜರುಗಳ ನಡುವೆ ಕುಳಿತಿತ್ತು.

ಕೀರ್ತಿ ಕೀಬೋರ್ಡಿನಿಂದ ಮೆಲ್ಲಗೆ ಕೈ ತೆಗೆದಳು.

“ಅಜ್ಜಿ ಮಲಗೋಕೆ ಜಾಗ ಬೇಕು ಅಂದ್ರು ಕಣೆ,” ದಿವ್ಯ ತಡವರಿಸಿದಳು. “ಅಪ್ಪ ಕಿಟಕಿ ನೋಡು ಅಂದ್ರು. ಆಮೇಲೆ ರಾಹುಕಾಲ ಬೇರೆ...”

“ನಾನು ಹೇಳಿದ್ದು ಅಜ್ಜಿಗಲ್ವಲ್ಲ,” ಎಂದಳು ಕೀರ್ತಿ. ಸಿಟ್ಟಿನಿಂದ ಹೇಳಿದ್ದರೆ ದಿವ್ಯಳೂ ಜಗಳ ಆಡುತ್ತಿದ್ದಳು. ಕೀರ್ತಿ ಮೆತ್ತಗೆ ಹೇಳಿದ್ದಳು. “ಬಿಡು, ಪರವಾಗಿಲ್ಲ. ನೀನು ಓಡ್ಸು. ನಾನು ನೋಡ್ತೀನಿ.”

ಹಡಗನ್ನೇ ಹತ್ತದ ಅಜ್ಜಿಗೆ ಹಾಸಿಗೆ ಸಿಕ್ಕಿತ್ತು, ಇಲ್ಲದ ಬುಟ್ಟಿಗೂ ಜಾಗ ಸಿಕ್ಕಿತ್ತು. ಪಕ್ಕದಲ್ಲಿ ಕುಳಿತವಳಿಗೆ ಮಾತ್ರ ಟಾಯ್ಲೆಟ್ಟಿನ ಪಕ್ಕದ ಸೀಟು. ತನ್ನ ಹೆಸರು ಚಿನ್ನದ ಬಣ್ಣದಲ್ಲಿ ಫಳಫಳ ಹೊಳೆಯುತ್ತಿದ್ದದ್ದು ನೋಡಿ ಅವಳಿಗೆ ನಾಚಿಕೆಯಾಯಿತು.

ಅವಳು ‘ಮಾರು’ ಎಂಬ ಬಟನ್ ಒತ್ತಿದಳು. ಅರ್ಧಕ್ಕರ್ಧ ಪಾಯಿಂಟ್ ನಷ್ಟ, ಸರಿಯೇ ಎಂದು ಗೇಮ್ ಕೇಳಿತು.

“ಲೇ, ಬೇಡ ಕಣೆ,” ಎಂದಳು ಕೀರ್ತಿ. ದಿವ್ಯ ಸರಿ ಎಂದು ಒತ್ತಿಬಿಟ್ಟಳು.

ಉಳಿದ ಪಾಯಿಂಟಿಗೆ ಸಿಕ್ಕಿದ್ದು ಅಂಗಡಿಯ ಮೂಲೆಯಲ್ಲಿದ್ದ ಬೂದುಬಣ್ಣದ ಚಿಕ್ಕ ಹಡಗು. ಈಜುಕೊಳ ಹಾಗಿರಲಿ, ನೆಟ್ಟಗೆ ಒಂದು ಕಿಟಕಿ ಇರಲಿಲ್ಲ. ಮುಂದುಗಡೆ ಎರಡು ಸೀಟಿದ್ದವು. ಯಾರು ಓಡಿಸುತ್ತಾರೆ ಎಂದು ಗೇಮ್ ಕೇಳಿತು. ದಿವ್ಯ ಕೀರ್ತಿಯ ಹೆಸರು ಬರೆದು, ಮೌಸನ್ನು ಅವಳ ಕಡೆಗೆ ಸರಿಸಿದಳು.

“ಅದು ನಿಂದಲ್ವೇನೆ?” ಎಂದಳು ಕೀರ್ತಿ.

“ಇವತ್ತು ಮ್ಯಾಪ್ ನಾನು ನೋಡ್ತೀನಿ. ನೀನು ಓಡ್ಸು.”

ಪಕ್ಕದ ಗ್ರಹದ ಮದುವೆಗೆ ಹೋಗುವವರನ್ನು ತುಂಬಿಕೊಂಡು ಹಡಗು ಹೊರಟಿತು. ಮ್ಯಾಪಿನ ತುಂಬ ಚುಕ್ಕಿಗಳು, ಗೆರೆಗಳು, ಓಡಾಡುವ ಬಾಣಗಳು. ದಿವ್ಯ ಎಡಕ್ಕೆ ಎಂದಳು, ಅಲ್ಲ ಬಲಕ್ಕೆ ಎಂದಳು, ಆಮೇಲೆ ಕಣ್ಣಿಗೆ ಬಿದ್ದ ಚುಕ್ಕಿಯೊಂದನ್ನು ತೋರಿಸಿ ಇದೇ ಎಂದಳು. ಮದುವೆಗೆ ಹೊರಟ ಪ್ಯಾಸೆಂಜರುಗಳೆಲ್ಲ ಯಾರೂ ಇಲ್ಲದ ಕಲ್ಲುಗ್ರಹವೊಂದರಲ್ಲಿ ಇಳಿದು ಬೊಬ್ಬೆ ಹೊಡೆಯತೊಡಗಿದರು. ಕೀರ್ತಿ ಬಿದ್ದು ಬಿದ್ದು ನಕ್ಕಳು. ದಿವ್ಯಳಿಗೂ ನಗು ತಡೆಯಲಾಗಲಿಲ್ಲ.

“ಇದನ್ನ ದಿನಾ ಹೆಂಗೆ ನೋಡ್ತಿದ್ದೆ ನೀನು?” ಎಂದು ಕೇಳಿದಳು. ರಜೆ ಪೂರ್ತಿ ಪಕ್ಕದಲ್ಲೇ ಕೂತಿದ್ದರೂ ಅವಳು ಅದನ್ನು ಕೇಳಿದ್ದು ಅದೇ ಮೊದಲು.