ಕಿಟಕಿಯ ಹೊರಗಿನ ವಸ್ತಾದರು

“ಬಾಯಿ ತೆಗಿ ಅಪ್ಪಾ.”

ಮರಿಬಸಪ್ಪ ಬಾಯಿ ತೆಗೆಯಲಿಲ್ಲ. ಅವನ ಎರಡೂ ಕೆನ್ನೆ ಉಬ್ಬಿದ್ದವು. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ತುಂಬಿತ್ತು.

“ಬಾಯಾಗ ಏನೈತಿ?”

“ಊಂ ಊಂ.”

ಏನೂ ಇಲ್ಲ ಎಂದು ಅದರ ಅರ್ಥ. ಆದರೆ ಮೀಸೆಯ ಕೆಳಗಿಂದ ಮೆಣಸಿನಕಾಯಿಯ ತೊಟ್ಟು ಇಣುಕಿ ನೋಡುತ್ತಿತ್ತು!

ಶಿವಿ ಕೈಯಲ್ಲಿದ್ದ ಬುತ್ತಿಗಂಟನ್ನು ಗಾದಿಯ ಮೇಲೆ ಕುಕ್ಕಿದಳು. ಅವಳ ಪೂರ್ತಿ ಹೆಸರು ಶಿವಬಸಮ್ಮ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವಳ ಮನೆ. ಶಾಲೆಯ ದಾರಿಯಲ್ಲೇ ಅಪ್ಪನ ಹತ್ತಿ ಮಂಡಿ ಇದ್ದುದರಿಂದ ಬುತ್ತಿ ತಲುಪಿಸುವ ಕೆಲಸ ಅವಳದು.

“ನಿನ್ನಿ ಬುತ್ತಿ ಏನ್ ಮಾಡಿದಿ?”

“ತಿಂದೆ,” ಎಂದ ಅಪ್ಪ, ಮಿರ್ಚಿ ಬಜ್ಜಿ ನುಂಗಿ.

ಸೀಜನ್ ಪೂರ್ತಿ ಮಂಡಿಯಲ್ಲೇ ಗಾಡಿ ಹೊಡೆಯುವ ಸಿರುಗುಪ್ಪದ ಮೂಕಪ್ಪ ಹೊರಗೆ ಗಾಡಿ ಬಿಚ್ಚುತ್ತಿದ್ದ. ಹೆಸರಿಗಷ್ಟೇ ಅವನು ಮೂಕಪ್ಪ. “ಸಾವ್ಕಾರ್ರು ಎಲ್ಲಿ ತಿಂದ್ರು ತಂಗಿ? ನಮ್ಮ ಬಿಳಿ ಎತ್ತು ತಿಂತು. ಪುಂಡಿಪಲ್ಯ ಹಚ್ಚಿಕೊಟ್ರ ಅದು ಎಷ್ಟು ರೊಟ್ಟಿ ಆದ್ರೂ ಬ್ಯಾಡ ಅನ್ನಂಗಿಲ್ಲ!”

ಡಾಕ್ಟರು ಅಪ್ಪನಿಗೆ ಹೇಳಿದ ಪಥ್ಯ ಎತ್ತಿಗೆ ಚೆನ್ನಾಗಿ ಹಿಡಿದಿತ್ತು. ಎತ್ತು ಮಿರಮಿರ ಮಿಂಚುತ್ತಿತ್ತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಶಿವಿ ನಗಲಿಲ್ಲ. ಹೋದ ತಿಂಗಳು ಇದೇ ಅಂಗಡಿಯಲ್ಲಿ ಅಪ್ಪ ಹತ್ತಿ ಮೂಟೆ ಏರಿ, ಇಳಿಯುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದ. ಬಿದ್ದದ್ದು ಹತ್ತಿಯ ಮೇಲೆ. ಹಾಗಾಗಿ ಎಲುಬು ಉಳಿಯಿತು. ಆದರೆ ಹಮಾಲರು ಅವನನ್ನು ಎತ್ತಿ ಮನೆಗೆ ತಂದಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಂದು ಕೈ ಜೋತಾಡುತ್ತಿತ್ತು. ಆ ಕೈಯನ್ನು ಶಿವಿ ಮರೆತಿರಲಿಲ್ಲ.

ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: “ಕರದಿದ್ದು ಬಿಡ್ರಿ. ಹೊತ್ತಿಗೆ ಸರಿಯಾಗಿ ರೊಟ್ಟಿ-ಪಲ್ಯ ತಿನ್ರಿ. ದಿನಾ ಮುಂಜಾನಿ ಕೋಟೆ ಗುಡ್ಡದ ಕಡಿ ನಡೀರಿ. ಆದ್ರ ಸಾವಕಾಶ. ಗರಡ್ಯಾಗ ಆಡಿದಾವ ಅಂತ ಒಮ್ಮಿಗೇ ಜೋರು ಮಾಡಿದ್ರ ಎದಿ ತಡಿಯಂಗಿಲ್ಲ.”

ಅಪ್ಪ ಕೆಲವು ದಿನ ನಡೆದ. ಆಮೇಲೆ ಹತ್ತಿ ಸೀಜನ್ ಜೋರಾಯಿತು. ಶಿವಿ ದಿನಾ ಮುಂಜಾನೆ ಎಬ್ಬಿಸುವಳು. ಅಪ್ಪ ಮಗ್ಗಲು ಬದಲಿಸುವನು.

“ಸೀಜನ್ ಮುಗೀಲಿ ಯವ್ವಾ. ಈಗ ಟೈಮ್ ಎಲ್ಲೈತಿ?”

ಹತ್ತಿ ಮುಗಿದರೆ ಶೇಂಗಾ ಸೀಜನ್ ಇತ್ತು. ಅಪ್ಪನ ಪಂಚಾಂಗದಲ್ಲಿ ಮುಗಿಯುವ ಸೀಜನ್ ಇರಲೇ ಇಲ್ಲ.

ಅಂದು ಸಂಜೆ ಮನೆಯ ಕಟ್ಟೆಯ ಮೇಲೆ ಒಬ್ಬರು ಮುದುಕರು ಕುಳಿತಿದ್ದರು. ಕುರುಗೋಡಿನ ಗರಡಿಯ ವಸ್ತಾದ ಹಾಲಸಿದ್ದಪ್ಪನವರು. ಅಪ್ಪ ಹುಡುಗನಾಗಿದ್ದಾಗ ಅವರ ಕೈಯಲ್ಲೇ ಕುಸ್ತಿ ಕಲಿತಿದ್ದ. ಹಿಂದಿನ ಓಣಿಯಲ್ಲಿದ್ದ ತಮ್ಮ ಮಗಳ ಮನೆಗೆಂದು ಅವರು ಬಳ್ಳಾರಿಗೆ ಬಂದಿದ್ದರು.

“ಏ ಮರಿಬಸ್ಯಾ! ಇದು ಹೊಟ್ಟಿಯೋ, ಹತ್ತಿ ಮೂಟಿಯೋ? ಹೂಂ?”

ಹಂಡೆಯೊಳಗಿಂದ ಬಂದಂಥ ದನಿ. ಪ್ರತಿ ಮಾತಿನ ಕೊನೆಗೂ ಒಂದು ‘ಹೂಂ’. ದಲ್ಲಾಳಿಗಳನ್ನೆಲ್ಲ ನಡುಗಿಸುವ ಅಪ್ಪ ಅವರ ಮುಂದೆ ಕೈಕಟ್ಟಿ ನಿಂತಿದ್ದ!

ವಸ್ತಾದರು ಹೋದ ಮೇಲೆ ಅಪ್ಪ ಶಿವಿಗೆ ಹೇಳಿದ: “ವಸ್ತಾದರು ಬಸ್ಕಿ ಶುರು ಅಂದ್ರ ಶುರು. ಅವರ ಬಾಯಿಂದ ‘ಸಾಕು’ ಬರೂ ಮಟ ನಿಂದ್ರಂಗಿಲ್ಲ. ಅದು ನಮ್ಮ ಗರಡಿ ಮಣ್ಣಿನ ಆಣಿ. ಒಮ್ಮಿ ಶುರು ಅಂದು ಉಣ್ಣಾಕ ಹೋಗಿಬಿಟ್ರು. ಉಂಡು ಬರೂ ಮಟ ಹೊಡದೆ ನೋಡು!”

ಶಿವಿಯ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಡ್ರಿಲ್ ಮಾಸ್ತರು, ಮಗ್ಗುಲ ಮನೆಯ ಮೇಕೆ, ಸಿರುಗುಪ್ಪದ ಬಸ್ಸಿನ ಹಾರ್ನ್, ಎಲ್ಲರ ದನಿಗಳೂ ಅವಳ ಗಂಟಲಲ್ಲಿ ಬಾಡಿಗೆಗೆ ಇದ್ದವು. ಈಗ ಹೊಸಬರೊಬ್ಬರು ಬಂದು ಸೇರಿದರು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಶಿವಿ ಅವ್ವನ ತಾಮ್ರದ ಕೊಡ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಅಪ್ಪ ಮಲಗುವ ಕೋಣೆಯ ಕಿಟಕಿ ಓಣಿಗೆ ತೆರೆದಿತ್ತು. ಅದರ ಕೆಳಗೆ ಕುಳಿತು, ಕೊಡದ ಬಾಯಿಗೆ ತನ್ನ ಬಾಯಿ ಇಟ್ಟಳು.

“ಏ ಮರಿಬಸ್ಯಾ! ಏಳಲೇ! ಹೂಂ!”

ಒಳಗೆ ಮಂಚ ಕಿರ್ರೆಂದಿತು. “ವಸ್ತಾದರ! ಬಂದೆ, ಬಾಗಲಾ ತೆಗೀತೀನಿ!”

“ಬಾಗಲಾ ಬ್ಯಾಡ! ನಿಂತಲ್ಲೇ ಬಸ್ಕಿ ಶುರು ಮಾಡು! ಹೂಂ!”

ಒಳಗೆ ಮಂಚ ಸರಿಸಿದ ಸದ್ದು. ಆಮೇಲೆ, “ಹುಪ್! ಹುಪ್!”

ಶಿವಿ ಬಾಯಿಗೆ ಲಂಗದ ತುದಿ ತುರುಕಿಕೊಂಡು ನಕ್ಕಳು. ನಾಲ್ಕಾರು ಬಸ್ಕಿ ಆದ ಮೇಲೆ ‘ಸಾಕು’ ಎನ್ನುವುದು, ಆಮೇಲೆ ಗುಡ್ಡದ ಕಡೆ ನಡೆ ಎನ್ನುವುದು. ಇಷ್ಟೇ ಅವಳ ಲೆಕ್ಕ.

ಅಷ್ಟರಲ್ಲಿ ಹಾಲಿನ ಗಂಗಕ್ಕ ಎಮ್ಮೆ ಹೊಡೆದುಕೊಂಡು ಓಣಿಗೆ ಬಂದಳು.

“ಏನ ಶಿವಿ, ಕೊಡದಾಗ ತಲಿ ಇಟ್ಟೀಯಲ್ಲ? ಒಳಗ ಏನ್ ಬಿದ್ದೈತಿ?”

ಶಿವಿ ತುಟಿಯ ಮೇಲೆ ಬೆರಳಿಟ್ಟಳು. ಈಗ ವಸ್ತಾದರ ದನಿ ತೆಗೆದರೆ ಗಂಗಕ್ಕ ಓಣಿಗೆಲ್ಲ ಡಂಗುರ ಸಾರುತ್ತಾಳೆ. ಅವಳು ಹೋಗಲಿ, ಆಮೇಲೆ ‘ಸಾಕು’ ಎಂದರಾಯಿತು.

ಗಂಗಕ್ಕ ಹೋಗಲಿಲ್ಲ. “ಉಂಗುರ ಬಿತ್ತೇನ? ಹೇಳಬಾರದ? ನಾ ಯಾರಿಗೂ ಹೇಳಂಗಿಲ್ಲವ್ವಾ...”

ಒಳಗೆ, “ಹು...ಪ್. ಹು...ಪ್.”

“ಏನೂ ಇಲ್ಲ ಗಂಗಕ್ಕಾ, ನೀ ಹೋಗ,” ಎಂದು ಶಿವಿ ಪಿಸುಗುಟ್ಟಿದಳು.

“ಯಾಕ ಗುಸುಗುಸು ಅಂತಿ? ಗಂಟಲಾ ಕಟ್ಟೈತೇನ? ಶುಂಠಿ ತಿನ್ನು,” ಎಂದು ಗಂಗಕ್ಕ ಔಷಧಿ ಹೇಳತೊಡಗಿದಳು. ಕೊನೆಗೆ ಎಮ್ಮೆಗೇ ಬೇಸರವಾಗಿ ಮುಂದೆ ನಡೆಯಿತು. ಗಂಗಕ್ಕ ಅದರ ಹಿಂದೆ ಓಡಿದಳು.

ಈಗ ಒಳಗಿನಿಂದ ‘ಹುಪ್’ ಕೇಳುತ್ತಿರಲಿಲ್ಲ. ಕಮ್ಮಾರನ ಹರಿದ ತಿದಿಯಂಥ ಉಸಿರಷ್ಟೇ ಕೇಳುತ್ತಿತ್ತು. ಅದು ನಿಲ್ಲುವುದು, ಮತ್ತೆ ಬರುವುದು.

ಶಿವಿಗೆ ಬೂದಿಯ ಬಣ್ಣದ ಮುಖ ಕಣ್ಣಮುಂದೆ ಬಂತು. ಕೊಡಕ್ಕೆ ಬಾಯಿ ಇಟ್ಟಳು.

“ಸಾಕು!”

ಇಲಿ ಚೀರಿದಂತಾಯಿತು. ಹೆದರಿದ ಗಂಟಲಲ್ಲಿ ವಸ್ತಾದರು ಇರಲೇ ಇಲ್ಲ. ಒಳಗಿನ ಉಸಿರು ಹಾಗೇ ಏರುತ್ತಿತ್ತು, ಇಳಿಯುತ್ತಿತ್ತು. ಅದು ವಸ್ತಾದರ ‘ಸಾಕು’ ಅಲ್ಲವಲ್ಲ!

ಶಿವಿ ಕೊಡ ಬಿಸಾಡಿ ಓಡಿದಳು. ಹಿತ್ತಲು, ಅಡುಗೆಮನೆ, ಪಡಸಾಲೆ ದಾಟಿದಳು. ಕೋಣೆಯಲ್ಲಿ ಅಪ್ಪ ಒಂದು ಕೈಯಿಂದ ಗೋಡೆ ಹಿಡಿದಿದ್ದ. ಬನಿಯನ್ ಒದ್ದೆಯಾಗಿತ್ತು. ಕಣ್ಣು ಮುಚ್ಚಿ ಮತ್ತೊಂದು ಬಸ್ಕಿಗೆ ಬಗ್ಗುತ್ತಿದ್ದ.

ಶಿವಿ ಅವನ ಮೊಣಕಾಲು ತಬ್ಬಿಕೊಂಡಳು. “ಸಾಕಪ್ಪಾ! ವಸ್ತಾದರು ಬಂದಿಲ್ಲ! ನಾನ ಅಂದಿದ್ದು... ನಾನ!”

ಅಪ್ಪ ಗೋಡೆಗೆ ಜಾರಿಕೊಂಡು ಧೊಪ್ಪನೆ ಕುಳಿತ. ಶಿವಿ ಅವನ ಎದೆಯನ್ನೇ ನೋಡುತ್ತಿದ್ದಳು. ಏರಿತು. ಇಳಿಯಿತು. ಮತ್ತೆ ಏರಿತು. ಕೊಡದ ಸದ್ದಿಗೆ ಎದ್ದ ಅವ್ವ ವೀರಭದ್ರಮ್ಮ ನೀರು ತಂದಳು. ಅಪ್ಪ ಕುಡಿದ. ಅರ್ಧ ಮೈಮೇಲೆ ಚೆಲ್ಲಿಕೊಂಡ.

ಬಹಳ ಹೊತ್ತಿನ ಮೇಲೆ ಮುಖಕ್ಕೆ ಬಣ್ಣ ಬಂತು. ಆಗ ಮೆಲ್ಲಗೆ ಕೇಳಿದ: “ವಸ್ತಾದರು ಬಂದೇ ಇಲ್ಲೇನು?”

ಶಿವಿ ಇಲ್ಲವೆಂದು ತಲೆಯಾಡಿಸಿದಳು. ಬೈಗುಳಕ್ಕೆ ಕಾದಳು. ಅಪ್ಪ ಬೈಯಲಿಲ್ಲ. ಯಾಕೋ ಅವನ ಮುಖ ಚಿಕ್ಕ ಹುಡುಗನ ಮುಖದಂತೆ ಸಣ್ಣಗಾಗಿತ್ತು.

“ನನ್ನ ಸಲುವಾಗಿ ಬಂದಾರ ಅಂತ ಭಾಳ ಖುಷಿ ಆಗಿತ್ತು,” ಎಂದ.

ಅಂದು ಅಪ್ಪ ಮಂಡಿಗೆ ತಡವಾಗಿ ಹೋದ. ಬುತ್ತಿ ತಂದ ಶಿವಿ ಮಗ್ಗುಲಲ್ಲಿ ಕುಳಿತಳು. ಅಪ್ಪ ಗಂಟು ಬಿಚ್ಚಿ, ರೊಟ್ಟಿ ಮುರಿದು ಅವಳಿಗೂ ಕೊಟ್ಟ. ಹೊರಗೆ ಬಿಳಿ ಎತ್ತು ಬಾಗಿಲ ಕಡೆಗೇ ನೋಡುತ್ತಿತ್ತು.

ಮಾರನೇ ದಿನ ಬೆಳಕು ಹರಿಯುವ ಮೊದಲು ಶಿವಿ ಮಂಚದ ಹತ್ತಿರ ನಿಂತಳು. ವಸ್ತಾದರು ಗಂಟಲಿನ ತನಕ ಬಂದಿದ್ದರು. ಅವಳು ಅವರನ್ನು ನುಂಗಿಬಿಟ್ಟಳು.

“ಅಪ್ಪಾ, ನಾನೂ ಬರ್ತೀನಿ. ಇಬ್ರೂ ಹೋಗೋಣ.”

ಮಗ್ಗಲು ಬದಲಿಸುವ ಸದ್ದಾಯಿತು. ಶಿವಿ ಕಾದಳು. ಆಮೇಲೆ ಅಪ್ಪನ ಕಾಲು ನೆಲ ಮುಟ್ಟಿತು.

ಇಬ್ಬರೂ ಗುಡ್ಡದ ಕಡೆ ಹೊರಟರು. ನಿನ್ನೆಯ ಬಸ್ಕಿಗೆ ಅಪ್ಪನ ತೊಡೆ ಹಿಡಿದುಕೊಂಡಿತ್ತು. ಬಾತುಕೋಳಿಯಂತೆ ನಡೆಯುತ್ತಿದ್ದ. ದಾರಿ ಏರತೊಡಗಿದಾಗ ಅವನ ಉಸಿರು ದೊಡ್ಡದಾಯಿತು. ಹಾಲು ತರುವವರು ಎದುರಿಗೆ ಬರುತ್ತಿದ್ದರು. ಒಂದು ಕಾಲದ ಪೈಲ್ವಾನ ಅವರ ಮುಂದೆ ದಣಿದು ನಿಲ್ಲಲು ನಾಚಿ, ಹಲ್ಲು ಕಚ್ಚಿ ಏರುತ್ತಲೇ ಇದ್ದ.

‘ಇನ್ನ ಸ್ವಲ್ಪ, ನಡಿಯಪ್ಪಾ’ ಎಂದು ಶಿವಿಯ ನಾಲಿಗೆಯ ತುದಿಗೆ ಬಂತು. ಅವಳು ಹಾಗೆನ್ನಲಿಲ್ಲ. ಥಟ್ಟನೆ ರಸ್ತೆಯಲ್ಲೇ ಕುಳಿತು ಕಾಲು ಹಿಡಿದುಕೊಂಡಳು.

“ಅಯ್ಯವ್ವಾ! ಮುಳ್ಳು!”

ಅಪ್ಪ ಗಾಬರಿಯಿಂದ ಪಕ್ಕದ ಕಲ್ಲಿನ ಮೇಲೆ ಕುಳಿತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡ. ಒರೆಸಿದ, ಒತ್ತಿದ, ತಿರುಗಿಸಿದ. ಬೆಳಕು ಹರಿಯುತ್ತಿತ್ತು. ಅವನ ಉಸಿರು ನಿಧಾನವಾಗಿ ಹದಕ್ಕೆ ಬರುತ್ತಿತ್ತು. ಮುಳ್ಳು ಮಾತ್ರ ಸಿಗಲಿಲ್ಲ.

“ಎಲ್ಲೈತಲೇ ಮುಳ್ಳು?”

“ಅಲ್ಲೇ ಐತಿ. ಸಾವಕಾಶ ಹುಡುಕಪ್ಪಾ.”

ಅಪ್ಪ ಪಾದ ನೋಡಿದ. ಅವಳ ಮುಖ ನೋಡಿದ. ಮೀಸೆ ಒಮ್ಮೆ ಅಲುಗಿತು. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಶಿವಿಯೂ ನಕ್ಕಳು. ಆದರೆ ಅಪ್ಪನ ನಗುವೇ ದೊಡ್ಡದು. ಹಾಲಿನವರೆಲ್ಲ ನಿಂತು, ತಿರುಗಿ ನೋಡುವಷ್ಟು ದೊಡ್ಡದು.