ಕಪ್ಪಾಗದ ತುಟಿ

ಏಮಸ್ ಟ್ರಿಬಲ್ ನೆಲಕ್ಕುರುಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನ. ನಮ್ಮ ಹಾಲ್ಡನ್ ಕೋವ್ ಊರಿನ ಬಯಲಿನಲ್ಲಿ ಪ್ರತಿವರ್ಷದ ಅಣಕು ಕಾಳಗ. ಒಂದು ಕಡೆ ಊರಿನ ದಂಡು, ಎದುರಿಗೆ ಕೆಂಪು ಕೋಟಿನ ಬ್ರಿಟಿಷರು. ಸಮುದ್ರದ ಮಂಜು ಎರಡೂ ಸಾಲುಗಳನ್ನು ಅರ್ಧ ನುಂಗಿತ್ತು. ಬಂದೂಕಿಗೆ ಬರೀ ಮದ್ದು, ಗುಂಡು ಹಾಕುವಂತಿಲ್ಲ. ಮೊದಲ ಸುತ್ತು ಸಿಡಿಯಿತು. ಹೊಗೆ ಕರಗಿದಾಗ ಊರಿನ ದಂಡಿನ ಸಾಲಿನಲ್ಲಿ ಏಮಸ್ ಬಿದ್ದಿದ್ದರು.

"ಅಪ್ಪ ಬೀಳೋದು ನಾಟಕದಲ್ಲಿಲ್ಲ!" ಮಗಳು ಡೆಲ್ಫಿನ್ ಹಗ್ಗ ಹಾರಿ ಓಡಿದಳು.

ಪಕ್ಕೆಯಲ್ಲಿ ಸೀಸದ ಗುಂಡು ಹೊಕ್ಕಿತ್ತು. ಉಸಿರು ನಿಂತಿತ್ತು. ನಾನು ತಟ್ಟಿದ ಚಪ್ಪಾಳೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

* * *

ಪೊಲೀಸ್ ಸಾರ್ಜೆಂಟ್ ಇನೆಸ್ ಫರ್ಟಾಡೊ ಯಾರನ್ನೂ ಕದಲಗೊಡಲಿಲ್ಲ. ಹದಿನೆಂಟು ಬಂದೂಕುಗಳನ್ನು ಸಾಲಾಗಿ ಇಡಿಸಿದಳು. ಎಲ್ಲವೂ ಹಾರಿದ್ದವು. ಹೊಗೆಯಲ್ಲಿ ಏಮಸ್ ಯಾವ ಕಡೆ ತಿರುಗಿದ್ದರೋ ಯಾರೂ ಕಂಡಿರಲಿಲ್ಲ.

ಜನರ ಬೆರಳೆಲ್ಲ ಕೆಂಪು ಕೋಟಿನ ಕಾಲ್ಬಿಯ ಕಡೆಗೇ. ಹಿಂದಿನ ದಿನ ಡೋನಟ್ ಅಂಗಡಿಯಲ್ಲಿ ಅವನು ಏಮಸ್ ಜೊತೆ ಕಿರುಚಾಡಿದ್ದ.

"ಜಗಳ ಆಡಿದ್ದು ನಿಜಾನೇನಯ್ಯ?"

"ನಿಜ, ಸಾರ್ಜೆಂಟ್. ಹಬ್ಬದ ದಿನ ಆ ಕಾಗದ ಓದಬೇಡಿ ಅಂದೆ. ಅದಕ್ಕೆ ಕೊಲ್ತೀನಾ? ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಅವರು!"

ಆ ಕಾಗದದ ವಿಷಯ ಊರಲ್ಲಿ ಪಿಸುಮಾತಾಗಿ ಹರಡಿತ್ತು, ಓದಿದವರಿರಲಿಲ್ಲ. ಸ್ವಾತಂತ್ರ್ಯ ಯುದ್ಧದ ವೀರನೆಂದು ಬಯಲಿನ ನಡುವೆ ಕಂಚಿನ ವಿಗ್ರಹವಾಗಿ ನಿಂತಿರುವ ಹ್ಯಾದವೇ ಯುದ್ಧಕ್ಕೆ ಹೋದವನೇ ಅಲ್ಲ. ಬಿಡುಗಡೆಯ ಮಾತು ಕೊಟ್ಟು ತನ್ನ ಬದಲಿಗೆ ತನ್ನ ಗುಲಾಮ ಪ್ರಿನ್ಸ್‌ನನ್ನು ಕಳಿಸಿದ. ಪ್ರಿನ್ಸ್ ಗೆದ್ದು ಬಂದ ವಾರವೇ ಅವನನ್ನು ಮಾರಿದ. ಆ ಮಾರಾಟದ ಪತ್ರ ಏಮಸ್‌ಗೆ ಸಿಕ್ಕಿತ್ತು. ಆ ದಿನ ಪ್ರಿನ್ಸ್ ವೇಷದಲ್ಲಿ, ಮೊದಲ ಸುತ್ತಾದ ಕೂಡಲೇ, ಚರ್ಚಿನ ಮೆಟ್ಟಿಲ ಮೇಲೆ ಅದನ್ನು ಓದುವವರಿದ್ದರು.

ಊರಿನ ದಂಡಿನ ಕ್ಯಾಪ್ಟನ್ ವಿನ್ಸ್‌ಲೋ ಹ್ಯಾದವೇ, ಆ ವಿಗ್ರಹದ ವಂಶದವನು, ಕಾಫಿ ಹೀರುತ್ತಾ ಬಂದ.

"ಕಾಲ್ಬಿಯನ್ನ ಕರ್ಕೊಂಡು ಹೋಗಮ್ಮ, ಇನೆಸ್. ಜನರನ್ನ ಮನೆಗೆ ಕಳಿಸು. ಇವತ್ತು ಓದೋದೂ ಬೇಡ, ಏನೂ ಬೇಡ. ನಿಮ್ಮಪ್ಪ ನಮ್ಮ ದೋಣೀಲಿ ದುಡಿದವನು, ಹೇಳಿದ ಮಾತು ಕೇಳೋನು."

ಇನೆಸ್ ಕಾಫಿ ಮೇಜಿನ ಬಳಿ ಹೋದಳು. ಕಾಲ್ಬಿ ಕುಡಿದಿಟ್ಟ ಕಾಗದದ ಲೋಟ ನೋಡಿದಳು. ಅಂಚಿನಲ್ಲಿ ಕಪ್ಪು ಕಲೆಯಿತ್ತು. ಉಳಿದ ಬಂದೂಕಿನವರು ಕುಡಿದಿಟ್ಟ ಲೋಟಗಳನ್ನು ಎತ್ತಿದಳು. ಅವುಗಳ ಅಂಚೂ ಕಪ್ಪಗಿತ್ತು.

ಕ್ಯಾಪ್ಟನ್ ಕೈಲಿದ್ದ ಲೋಟ ಮಾತ್ರ ಬೆಳ್ಳಗಿತ್ತು.

* * *

"ಕ್ಯಾಪ್ಟನ್, ನೀವೂ ಗುಂಡು ಹಾರಿಸಿದ್ರಾ?"

"ಎಲ್ಲರ ಹಾಗೇ."

"ಎಲ್ಲರ ಹಾಗಲ್ಲ. ಕಾಗದದಲ್ಲಿ ಸುತ್ತಿದ ಮದ್ದಿನ ತೋಟಾ ಹಲ್ಲಲ್ಲಿ ಕಚ್ಚಿ ಹರೀಬೇಕು. ಎಲ್ಲರ ತುಟಿ ಮಸಿಯಾಗಿದೆ. ನಿಮ್ಮದು?"

"ಒರೆಸ್ಕೊಂಡೆ. ಅದೂ ಅಪರಾಧವೇನಮ್ಮ?"

"ಇಲ್ಲ. ನಿಮ್ಮ ತೋಟಾ ಪೆಟ್ಟಿಗೆ ತೆಗೀರಿ."

ಅವನ ಕೈ ಸೊಂಟದ ತೊಗಲು ಪೆಟ್ಟಿಗೆಯನ್ನು ಅದುಮಿಕೊಂಡಿತು. ಇನೆಸ್ ತಾನೇ ತೆರೆದು ಎಣಿಸಿದಳು, ಉಳಿದವರ ಪೆಟ್ಟಿಗೆಗಳನ್ನೂ ಎಣಿಸಿದಳು.

"ಬೆಳಿಗ್ಗೆ ಒಬ್ಬೊಬ್ಬರಿಗೂ ಹತ್ತು ತೋಟಾ ಕೊಟ್ಟಿದ್ದಾರೆ. ಎಲ್ಲರ ಹತ್ರ ಒಂಬತ್ತು ಉಳಿದಿದೆ. ನಿಮ್ಮ ಹತ್ರ ಹತ್ತೂ ಇದೆ. ಯಾವ ಮದ್ದಲ್ಲಿ ಹಾರಿಸಿದ್ರಿ? ಮನೇಲೇ ಮದ್ದು ತುಂಬಿ, ಗುಂಡು ಜಡಿದು ತಂದಿದ್ರಿ."

ಅವಳು ಕಾಲ್ಬಿಯ ಕಡೆ ತಿರುಗಿದಳು. "ಕಾಳಗಕ್ಕೆ ಮುಂಚೆ ಬಂದೂಕೆಲ್ಲ ಖಾಲಿ ಇದೆಯಾ ಅಂತ ನೋಡಿದ್ದು ಯಾರು?"

"ಕ್ಯಾಪ್ಟನ್."

"ಕ್ಯಾಪ್ಟನ್ ಬಂದೂಕನ್ನ?"

ಕಾಲ್ಬಿ ತಲೆ ತಗ್ಗಿಸಿದ. "ಹ್ಯಾದವೇ ಮನೆಯವರನ್ನ ಯಾರು ಕೇಳ್ತಾರೆ, ಸಾರ್ಜೆಂಟ್?"

ವಿನ್ಸ್‌ಲೋ ಮುಖ ಸುಣ್ಣ ಬಳಿದಂತಾಯಿತು. "ಇನ್ನೂರೈವತ್ತು ವರ್ಷದ ಹೆಸರು!" ಅವನು ಕಿರುಚಿದ. "ಒಂದು ಚೂರು ಕಾಗದ ಅದನ್ನ ಬೀದಿಗೆ ತರೋದಿತ್ತು!"

ಕೋಳ ಬಿತ್ತು.

ಪತ್ರ ಏಮಸ್ ಜೇಬಿನಲ್ಲಿತ್ತು, ರಕ್ತದಲ್ಲಿ ತೊಯ್ದಿತ್ತು. ಸಾಕ್ಷಿಯಾದ್ದರಿಂದ ಕೊಡಲಾಗದು ಎಂದು ಇನೆಸ್ ಮೆಲ್ಲಗೆ ಹೇಳಿದಳು.

"ಬೇಡ ಬಿಡಿ," ಡೆಲ್ಫಿನ್ ಕಣ್ಣೊರೆಸಿಕೊಂಡಳು. "ಒಂದು ತಿಂಗಳಿಂದ ಬೆಳಗಿನ ತಿಂಡಿ ಹೊತ್ತಲ್ಲಿ ಅಪ್ಪ ಓದ್ತಿದ್ದಿದ್ದು ಅದೊಂದೇ. ನನಗೆ ಬಾಯಿಪಾಠ ಆಗಿದೆ."

ಅವಳು ಚರ್ಚಿನ ಮೆಟ್ಟಿಲೇರಿದಳು. ಮಂಜು ವಿಗ್ರಹದ ಕೊರಳವರೆಗೆ ಏರಿತ್ತು. "ಪ್ರಿನ್ಸ್ ಎಂಬ ಹೆಸರಿನ, ಆರೋಗ್ಯವಂತನಾದ, ಯುದ್ಧದಿಂದ ಮರಳಿದ ಆಳು..." ಎಂದು ಶುರುಮಾಡಿದಳು.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರೂ ಮನೆಗೆ ಹೋಗಲಿಲ್ಲ.